ಹಳೆಯ ಡಾಸ್, ಹೊಸ ಪೆಟ್ಟಿಗೆ: ‘ಮತ್ತೆ ಬಂತು’ ಎಂಬ ಸುದ್ದಿಯ ಒಳಗೇನಿದೆ?

2025ರ ಏಪ್ರಿಲ್‌ನಲ್ಲಿ ವಿಂಡೋಸಿಗೂ ಮುಂಚೆ ಕಂಪ್ಯೂಟರ್ ನಡೆಸುತ್ತಿದ್ದ ಡಾಸ್ ಎಂಬ ವ್ಯವಸ್ಥೆಯ (ಆಪರೇಟಿಂಗ್ ಸಿಸ್ಟಮ್) ಹೊಸ ರೂಪವಾದ ಫ್ರೀಡಾಸ್ 1.4 ಬಿಡುಗಡೆಯಾಯಿತು. ಅದೇ ವರ್ಷದ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟಿತು. ಹತ್ತು ವರ್ಷದ ವ್ಯವಸ್ಥೆ ಮುದಿಯಾಯಿತೆಂದು ಮೂಲೆ ಸೇರಿದ ವರ್ಷವೇ 1981ರಲ್ಲಿ ಹುಟ್ಟಿದ ಡಾಸ್‌ನ ವಂಶದಲ್ಲಿ ಹೊಸ ಕುಡಿ! ಓದಿದವರು ತಲೆ ಕೆರೆದುಕೊಂಡರೆ ತಪ್ಪು ಅವರದಲ್ಲ.

ಮುಂಬಯಿ, ಠಾಣೆ, ಪುಣೆಗಳ ಕನ್ನಡಿಗರಿಗೆ ಇದು ಬರೀ ಕುತೂಹಲದ ಸಂಗತಿಯಲ್ಲ. 1990ರ ದಶಕದಲ್ಲೇ ಕಂಪ್ಯೂಟರ್ ಕೊಂಡ ಹೊಟೇಲುಗಳು, ಸಂಘಗಳ ಕಚೇರಿಗಳು, ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಕಟ್ಟುವ ಕನ್ನಡ ಡಿಟಿಪಿ ಕೋಣೆಗಳು ಇಲ್ಲಿವೆ. ಗಲ್ಲಾದ ಹಿಂದೆ ಬಟ್ಟೆ ಹೊದ್ದು ಕೂತ ಪೆಟ್ಟಿಗೆಯೊಳಗೆ ಹಳೆಯ ಲೆಕ್ಕ, ಸದಸ್ಯರ ಪಟ್ಟಿ, ಸ್ಮರಣ ಸಂಚಿಕೆಯ ಪುಟಗಳು ಉಳಿದಿರುವುದುಂಟು. ‘ಹೊಸ ಮಶೀನ್ ತಗೊಳ್ಳಿ, ಡಾಸ್ ಹಾಕಿ ಕೊಡ್ತೇವೆ, ನಿಮ್ಮ ಹಳೇದೆಲ್ಲ ಓಡ್ತದೆ’ ಎನ್ನುತ್ತಾನೆ ಲ್ಯಾಮಿಂಗ್ಟನ್ ರೋಡಿನ ಅಂಗಡಿಯವ. ‘ಅದೆಲ್ಲ ಸತ್ತದ್ದು ಮಾವ, ಬಿಸಾಡಿ’ ಎನ್ನುತ್ತಾನೆ ಐಟಿಯಲ್ಲಿರುವ ಅಳಿಯ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ.

ವಿಂಡೋಸ್ 10ರ ಜತೆ ಹೋದದ್ದೇನು?

ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟಿನ ಮುಂದುವರಿಕೆ ಸಿಗುತ್ತದೆ ಎಂಬುದು ಎಲ್ಲ ಕಡೆ ಬಂದ ಸುದ್ದಿ. ಅಷ್ಟಾಗಿ ಬರದ ಸುದ್ದಿ ಇನ್ನೊಂದಿದೆ. ವಿಂಡೋಸ್ 10ರಲ್ಲಿ 32 ಬಿಟ್‌ನದು ಮತ್ತು 64 ಬಿಟ್‌ನದು ಎಂದು ಎರಡು ಬಗೆ ಇತ್ತು. ಪ್ರೊಸೆಸರ್ ಒಮ್ಮೆಗೆ ಎಷ್ಟು ದೊಡ್ಡ ಸಂಖ್ಯೆ ಹಿಡಿಯುತ್ತದೆ ಎಂಬುದರ ಅಳತೆ ಈ ಬಿಟ್. 32 ಬಿಟ್‌ನದರಲ್ಲಿ ಎನ್‌ಟಿವಿಡಿಎಂ ಎಂಬ ಒಂದು ಭಾಗ ಸೇರಿತ್ತು. ಫಾಕ್ಸ್‌ಪ್ರೊ, ಕ್ಲಿಪ್ಪರ್ ಎಂಬ ಡೇಟಾಬೇಸ್ ಭಾಷೆಗಳಲ್ಲಿ ಬರೆದ ಡಾಸ್ ಕಾಲದ ಪ್ರೋಗ್ರಾಮುಗಳನ್ನು ವಿಂಡೋಸ್‌ನ ಒಳಗೇ ಓಡಿಸುತ್ತಿದ್ದುದು ಅದು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಅದರಲ್ಲಿ ಈ ಭಾಗ ಇಲ್ಲ. ಪ್ರೊಸೆಸರ್ 64 ಬಿಟ್ ಸ್ಥಿತಿಗೆ ಹೋದಾಗ, ಡಾಸ್ ಪ್ರೋಗ್ರಾಮು ತಾನು ಹಳೆಯ 8086 ಚಿಪ್‌ನ ಮೇಲೇ ಇದ್ದೇನೆ ಎಂದು ನಂಬುವಂತೆ ಮಾಡುತ್ತಿದ್ದ ಸೌಲಭ್ಯವೇ ಮುಚ್ಚಿಹೋಗುತ್ತದೆ. ಹಾಗಾಗಿ ಇದನ್ನು ಮೈಕ್ರೋಸಾಫ್ಟಿನ ಸೋಮಾರಿತನ ಎಂದು ಬೈದು ಪ್ರಯೋಜನವಿಲ್ಲ.

ಅಂದರೆ ವಿಂಡೋಸ್ 10ರೊಂದಿಗೆ ಮುಗಿದದ್ದು ಬರೀ ಒಂದು ವಿಂಡೋಸ್ ಅಲ್ಲ. ಡಾಸ್ ಪ್ರೋಗ್ರಾಮನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬಹುದಾಗಿದ್ದ ಕೊನೆಯ ವಿಂಡೋಸ್ ಅದು. ಇಪ್ಪತ್ತು ವರ್ಷದಿಂದ ‘ಹೇಗೋ ನಡೀತಾ ಇದೆಯಲ್ಲ’ ಎಂದು ಸುಮ್ಮನಿದ್ದವರು ಈಗ ಎಚ್ಚರಾಗಿದ್ದಕ್ಕೂ, ಹಳೆಯ ವ್ಯವಸ್ಥೆಗಳ ಪುನರ್ಜನ್ಮದ ಸುದ್ದಿಗೆ ಓದುಗರು ಹೆಚ್ಚಿದ್ದಕ್ಕೂ ಕಾರಣ ಇದೇ ಇರಬೇಕು.

‘ಮತ್ತೆ ಬಂತು’ ಎಂದರೆ ಯಾವುದು ಬಂತು?

ಗೊಂದಲದ ಬೇರು ಇರುವುದು ಇಲ್ಲಿ. ಪತ್ರಿಕೆಗಳು ಒಂದೇ ಕ್ರಿಯಾಪದದಲ್ಲಿ ಹೇಳಿ ಮುಗಿಸುವ ಸುದ್ದಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕೆಲಸಗಳಿವೆ.

ಒಂದು, ಮೂಲ ಬರಹವನ್ನು ಬಿಚ್ಚಿಡುವುದು. ಎಂಎಸ್-ಡಾಸ್ 1.25 ಮತ್ತು 2.0ರ ಸೋರ್ಸ್ ಕೋಡ್ 2014ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಹೊರಬಂತು. 4.0ರದ್ದು 2024ರ ಏಪ್ರಿಲ್‌ನಲ್ಲಿ, ಯಾರು ಹೇಗೆ ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸಿನಡಿ ಬಂತು. ಇತಿಹಾಸಕಾರರಿಗೆ ಹಬ್ಬ. ಹೊಟೇಲಿನ ಮಾಲೀಕರಿಗೆ ಏನೂ ಅಲ್ಲ. ತಾತನ ಅಡಿಗೆ ಪುಸ್ತಕ ಸಿಕ್ಕಿತು ಎಂದ ಮಾತ್ರಕ್ಕೆ ಊಟ ಬಡಿಸಿದಂತಾಗುವುದಿಲ್ಲವಲ್ಲ. ಅದರಲ್ಲೂ 4.0 ತನ್ನ ಕಾಲದಲ್ಲೇ ದೋಷಗಳಿಗೆ ಹೆಸರಾಗಿದ್ದ ಆವೃತ್ತಿ. ಜನ ನಿಜವಾಗಿ ಬಳಸಿದ 6.22 ಹಾಗೆ ಬಂದಿಲ್ಲ.

ಎರಡು, ಹಕ್ಕು ಪಡೆದ ವಾರಸುದಾರ. 1987ರಲ್ಲಿ ಐಬಿಎಂ ಮತ್ತು ಮೈಕ್ರೋಸಾಫ್ಟ್ ಕೂಡಿ ಮಾಡಿದ ಓಎಸ್/2 ಬ್ಯಾಂಕಿನ ಎಟಿಎಂಗಳಲ್ಲಿ, ನ್ಯೂಯಾರ್ಕ್ ಮೆಟ್ರೊದ ಟಿಕೆಟ್ ವ್ಯವಸ್ಥೆಯಲ್ಲಿ ದಶಕಗಟ್ಟಲೆ ದುಡಿಯಿತು. 2006ರ ಕೊನೆಗೆ ಐಬಿಎಂ ಬೆಂಬಲ ನಿಲ್ಲಿಸಿತು. ಕೋಡನ್ನಾದರೂ ಬಿಡಿ ಎಂದು ಅಭಿಮಾನಿಗಳು ಬೇಡಿಕೊಂಡರೂ ಬಿಡಲಿಲ್ಲ. ಇಬ್ಬರು ಕೂಡಿ ಕಟ್ಟಿದ ಮನೆಯನ್ನು ಒಬ್ಬರೇ ದಾನ ಬರೆದುಕೊಡುವುದು ಸುಲಭವಲ್ಲ. ಆದ್ದರಿಂದ ಲೈಸೆನ್ಸ್ ಪಡೆದ ಆರ್ಕಾ ನೋಯೆ ಎಂಬ ಕಂಪನಿ ಅದನ್ನೇ ಆರ್ಕಾಓಎಸ್ ಹೆಸರಿನಲ್ಲಿ ಮಾರುತ್ತಿದೆ. 2023ರ 5.1 ಆವೃತ್ತಿ ಯುಇಎಫ್‌ಐ ಎಂಬ ಹೊಸ ಆರಂಭ ವ್ಯವಸ್ಥೆ ಇರುವ ಇಂದಿನ ಯಂತ್ರಗಳ ಮೇಲೂ ಏಳುತ್ತದೆ. ಇದು ದುಡ್ಡು ಕೊಟ್ಟು ಕೊಳ್ಳುವ ಪುನರ್ಜನ್ಮ. ನಾಲ್ಕರಲ್ಲಿ ಹೆಚ್ಚು ಪ್ರಾಮಾಣಿಕವಾದುದೂ ಇದೇ, ಏಕೆಂದರೆ ಯಂತ್ರ ಕೆಟ್ಟರೆ ಕೇಳಲು ಒಬ್ಬರಿದ್ದಾರೆ.

ಮೂರು, ಮೊದಲಿನಿಂದ ಹೊಸದಾಗಿ ಬರೆಯುವುದು. ಮೈಕ್ರೋಸಾಫ್ಟ್ ಡಾಸ್ ಕೈಬಿಡುತ್ತದೆ ಎಂದು ಗೊತ್ತಾದಾಗ 1994ರಲ್ಲಿ ಅಮೆರಿಕದ ವಿದ್ಯಾರ್ಥಿ ಜಿಮ್ ಹಾಲ್ ಶುರು ಮಾಡಿದ್ದು ಫ್ರೀಡಾಸ್. ಅದರ 1.0 ಬಂದದ್ದು 2006ರಲ್ಲಿ. ಹೊಸತಾಗಿ ಬರೆಯುವುದರ ಕಷ್ಟ ಎಂಥದೆಂದು ತಿಳಿಯಲು ಇನ್ನೂ ಒಳ್ಳೆಯ ಉದಾಹರಣೆ ಹೈಕು.

ಹೈಕುವಿನ ಪೂರ್ವಜ ಬೀಓಎಸ್. ಆಪಲ್ ಬಿಟ್ಟುಬಂದ ಜಾನ್-ಲೂಯಿ ಗಾಸೇ 1990ರಲ್ಲಿ ಸ್ಥಾಪಿಸಿದ ಬೀ ಕಂಪನಿಯ ಕೂಸು. ಹಲವು ಕೆಲಸಗಳನ್ನು ಏಕಕಾಲಕ್ಕೆ ಹಂಚಿ ಮಾಡುವುದರಲ್ಲಿ ಅದು ತನ್ನ ಕಾಲಕ್ಕಿಂತ ಮುಂದಿತ್ತು. ಅದನ್ನು ಬಳಸಿದವರು ಇಂದಿಗೂ ಮರೆತಿಲ್ಲ. 1996ರಲ್ಲಿ ಆಪಲ್ ಇದನ್ನು ಕೊಳ್ಳಲು ಮಾತುಕತೆ ನಡೆಸಿ, ಕೊನೆಗೆ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು ಆರಿಸಿಕೊಂಡಿತು. ಐದು ವರ್ಷದ ಬಳಿಕ, 2001ರಲ್ಲಿ, ಬೀ ಕಂಪನಿಯ ಆಸ್ತಿಯನ್ನು ಪಾಮ್ ಸುಮಾರು 1.1 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಅಭಿಮಾನಿಗಳು ಹಳೆಯ ಕೋಡಿನ ಬಹುಪಾಲು ಕೈಯಲ್ಲಿಲ್ಲದೆ ಅದನ್ನು ಮತ್ತೆ ಬರೆಯಲು ಕೂತರು. ಹೆಸರಿನ ಹಕ್ಕು ಪಾಮ್ ಬಳಿ ಇದ್ದುದರಿಂದ 2004ರಲ್ಲಿ ‘ಹೈಕು’ ಎಂದು ಮರುನಾಮಕರಣವಾಯಿತು. ಪರೀಕ್ಷೆಗೆಂದು ಬಿಡುವ ಮೊದಲ ಆಲ್ಫಾ ಆವೃತ್ತಿ ಬಂದದ್ದು 2009ರಲ್ಲಿ, ಮೊದಲ ಬೀಟಾ 2018ರಲ್ಲಿ, ಐದನೇ ಬೀಟಾ 2024ರ ಸೆಪ್ಟೆಂಬರಿನಲ್ಲಿ. ಇಪ್ಪತ್ತಮೂರು ವರ್ಷ ದುಡಿದರೂ ಅದು ಬೀಟಾ, ಪೂರ್ಣ ಆವೃತ್ತಿಯಲ್ಲ.

ಇಷ್ಟು ತಡ ಯಾಕೆ? ಹೈಕುವಿನ 32 ಬಿಟ್ ಆವೃತ್ತಿ 1990ರ ದಶಕದ ಬೀಓಎಸ್ ಪ್ರೋಗ್ರಾಮುಗಳನ್ನು ಒಂದಕ್ಷರ ಬದಲಿಸದೆ ಓಡಿಸಬೇಕು ಎಂಬ ಹಟ ಮೊದಲಿನಿಂದಲೂ ಇದೆ. ಅದಕ್ಕಾಗಿ ಅದರ ಬಹುಭಾಗವನ್ನು ಆ ಕಾಲದ ಜಿಸಿಸಿ 2 ಎಂಬ ಕಂಪೈಲರಿನಲ್ಲೇ (ಬರೆದ ಕೋಡನ್ನು ಯಂತ್ರದ ಭಾಷೆಗೆ ತರುವ ಸಾಧನ) ಕಟ್ಟಬೇಕು. ಇತ್ತ ಅದೇ ವ್ಯವಸ್ಥೆ ಇಂದಿನ ಲ್ಯಾಪ್‌ಟಾಪಿನ ವೈಫೈಯನ್ನೂ ಗುರುತಿಸಬೇಕು. ಅದಕ್ಕೆ ಯಂತ್ರಭಾಗಗಳನ್ನು ನಡೆಸುವ ಡ್ರೈವರುಗಳನ್ನು ಬಿಎಸ್‌ಡಿ ಎಂಬ ಮುಕ್ತ ವ್ಯವಸ್ಥೆಗಳ ಕುಟುಂಬದಿಂದ ಎರವಲು ತಂದಿದ್ದಾರೆ. ಒಂದು ಕಾಲು 1999ರಲ್ಲಿ, ಇನ್ನೊಂದು 2025ರಲ್ಲಿ ಇಟ್ಟು ನಡೆಯುವವರ ಹೆಜ್ಜೆ ನಿಧಾನವಾಗಿಯೇ ಇರುತ್ತದೆ. ವಿಂಡೋಸ್‌ನ ಪ್ರತಿರೂಪವಾದ ರಿಯಾಕ್ಟ್‌ಓಎಸ್ ಕಥೆ ಇನ್ನೂ ನಿಧಾನದ್ದು. 1996ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು ಇವತ್ತಿಗೂ ಆಲ್ಫಾ ಹಂತದಲ್ಲಿದೆ.

ನಾಲ್ಕನೆಯದು ಎಮ್ಯುಲೇಶನ್. ಇಲ್ಲಿ ವ್ಯವಸ್ಥೆಗೆ ಮರುಜನ್ಮವಿಲ್ಲ. ಅದಕ್ಕೆ ಬೇಕಾದ ಹಳೆಯ ಯಂತ್ರವನ್ನೇ ಹೊಸ ಯಂತ್ರದೊಳಗೆ ಸಾಫ್ಟ್‌ವೇರಿನಲ್ಲಿ ಕಟ್ಟಿಕೊಡುತ್ತಾರೆ. ಡಾಸ್‌ಬಾಕ್ಸ್, 86ಬಾಕ್ಸ್ ಮಾಡುವುದು ಇದನ್ನೇ. ವರ್ಚುವಲ್‌ಬಾಕ್ಸ್ ಕೂಡ ಸುಮಾರಾಗಿ ಇದೇ ದಾರಿಯದು.

ಹೊಸ ಯಂತ್ರಕ್ಕೆ ಹಳೆಯದು ಯಾಕೆ ಒಗ್ಗುವುದಿಲ್ಲ?

ಸೌದೆ ಒಲೆಯ ಮೇಲೆ ತಾಮ್ರದ ಹಂಡೆ ಇಟ್ಟು ಸಾರು ಕುದಿಸುತ್ತಿದ್ದ ಅಡಿಗೆ ಭಟ್ಟರನ್ನು ಇಂಡಕ್ಷನ್ ಒಲೆಯ ಮುಂದೆ ನಿಲ್ಲಿಸಿದ ಹಾಗೆ ಇದು. ಪಾಕ ಮರೆತಿಲ್ಲ, ಹಂಡೆ ತೂತಾಗಿಲ್ಲ, ಒಲೆ ಕೆಟ್ಟಿಲ್ಲ. ಆದರೂ ನೀರು ಕಾಯುವುದಿಲ್ಲ, ಏಕೆಂದರೆ ಆ ಒಲೆ ತಾಮ್ರದ ಜತೆ ವ್ಯವಹರಿಸುವುದಿಲ್ಲ.

ಹಳೆಯ ಪಿಸಿಯ ಸ್ವಿಚ್ ಹಾಕಿದರೆ ಬಯೋಸ್ ಎಂಬ ಚಿಪ್ ಮೊದಲು ಎಚ್ಚರಾಗುತ್ತಿತ್ತು. ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ, ಅಲ್ಲಿ ಸಿಕ್ಕ ಪ್ರೋಗ್ರಾಮಿಗೆ ಯಜಮಾನಿಕೆ ಒಪ್ಪಿಸುತ್ತಿತ್ತು. ಡಾಸ್ ಎದ್ದ ಮೇಲೂ ಕೀಬೋರ್ಡ್ ಓದಲು, ಪರದೆಯ ಮೇಲೆ ಅಕ್ಷರ ಮೂಡಿಸಲು, ಡಿಸ್ಕ್ ತಟ್ಟಲು ಬಯೋಸನ್ನೇ ಕರೆಯುತ್ತಿತ್ತು. ಹೊಸ ಯಂತ್ರಗಳಲ್ಲಿ ಆ ಜಾಗಕ್ಕೆ ಯುಇಎಫ್‌ಐ ಬಂದಿದೆ. ಅದಕ್ಕೆ ಡಾಸ್‌ನ ಕೂಗು ಅರ್ಥವಾಗುವುದಿಲ್ಲ. ಕೆಲ ವರ್ಷ ಸಿಎಸ್‌ಎಂ ಎಂಬ ದುಭಾಷಿಯನ್ನು ಒಳಗಿಟ್ಟಿದ್ದರು. 2020ರೊಳಗೆ ಅದನ್ನು ಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ದುಭಾಷಿ ಇಲ್ಲದ ಯಂತ್ರದ ಮೇಲೆ ಡಾಸ್ ನೇರವಾಗಿ ಏಳುವುದಿಲ್ಲ.

ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಪುಣೆಯ ತಪಕೀರ್ ಗಲ್ಲಿಯಲ್ಲಾಗಲಿ ‘ಡಾಸ್ ಇರುವ ಲ್ಯಾಪ್‌ಟಾಪ್’ ಎಂದು ಮಾರುವುದನ್ನು ಹೀಗೆ ಅರ್ಥ ಮಾಡಿಕೊಳ್ಳಬೇಕು. ವಿಂಡೋಸಿನ ದುಡ್ಡು ಸೇರಿಸಿಲ್ಲ ಎಂಬುದಷ್ಟೇ ಅದರ ಇಂಗಿತ. ನಿಮ್ಮ ಹಳೆಯ ಲೆಕ್ಕದ ಪ್ರೋಗ್ರಾಮು ಓಡುತ್ತದೆಂಬ ಭರವಸೆ ಅದರಲ್ಲಿಲ್ಲ.

ಇನ್ನೊಂದು ತೊಡಕು ವೇಗದ್ದು. ಕೇಳಿದವರಿಗೆ ನಗು ಬರಬಹುದು. ಟರ್ಬೊ ಪಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳು ಶುರುವಿನಲ್ಲೇ ಯಂತ್ರದ ವೇಗವನ್ನು ಅಳೆಯಲು ಒಂದು ಸಣ್ಣ ಎಣಿಕೆ ನಡೆಸುತ್ತವೆ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಯಂತ್ರದಲ್ಲಿ ಆ ಎಣಿಕೆ ಲೆಕ್ಕ ತಪ್ಪಿ, ‘ರನ್‌ಟೈಮ್ ಎರರ್ 200’ ಎಂದು ಅಲ್ಲೇ ಕೂತುಬಿಡುತ್ತದೆ. ವಿಂಡೋಸ್ 95ಕ್ಕೂ ಎಎಂಡಿಯ 350 ಮೆಗಾಹರ್ಟ್ಸ್ ಚಿಪ್‌ಗಳ ಮೇಲೆ ಇಂಥದೇ ಕಾಯಿಲೆ ಬಂದಿತ್ತು. ವಿಂಡೋಸ್ 98ಕ್ಕೆ 512 ಎಂಬಿಗಿಂತ ಹೆಚ್ಚು ಮೆಮೊರಿ ಕೊಟ್ಟರೆ ‘ಮೆಮೊರಿ ಸಾಲದು’ ಎಂದು ದೂರುವುದುಂಟು! ಬಡತನಕ್ಕೆಂದು ಹೊಲಿದ ಅಂಗಿ ಸಿರಿವಂತಿಕೆಗೆ ಹಿಡಿಸದು.

ಮೂರನೆಯದು ಪ್ರಿಂಟರ್. ಡಾಸ್ ಪ್ರೋಗ್ರಾಮು ಪ್ಯಾರಲಲ್ ಪೋರ್ಟ್ ಎಂಬ ಹಳೆಯ ಪ್ರಿಂಟರ್ ಕೊಂಡಿಗೆ ನೇರವಾಗಿ ಅಕ್ಷರ ಸುರಿಯುತ್ತದೆ. ಡಾಟ್ ಮ್ಯಾಟ್ರಿಕ್ಸ್ ಅದನ್ನು ಕರ್ ಕರ್ ಎಂದು ಒತ್ತುತ್ತದೆ. ಇಂದಿನ ಅಗ್ಗದ ಪ್ರಿಂಟರುಗಳಿಗೆ ವಿಂಡೋಸ್ ಚಿತ್ರ ಬಿಡಿಸಿ ಕೊಡಬೇಕು, ಬರೀ ಅಕ್ಷರ ಕೊಟ್ಟರೆ ಅವು ಸುಮ್ಮನಿರುತ್ತವೆ. ಡಾಸ್‌ಬಾಕ್ಸನ್ನು ಮೂಲತಃ ಆಟಗಳಿಗಾಗಿ ಮಾಡಿದ್ದರಿಂದ ಅದರಲ್ಲಿ ಈ ಸಮಸ್ಯೆಗೆ ಪರಿಹಾರವಿಲ್ಲ. ಡಾಸ್‌ಬಾಕ್ಸ್-ಎಕ್ಸ್ ಎಂಬ ಕವಲಿನಲ್ಲಿದೆ.

ವಾದಗಳು

ಹಳೆಯ ವ್ಯವಸ್ಥೆಯನ್ನು ಹಳೆಯ ಯಂತ್ರದಲ್ಲೇ ಓಡಿಸಬೇಕು ಎನ್ನುವವರಿದ್ದಾರೆ. ಸಂಗ್ರಾಹಕರ ಮಟ್ಟಿಗೆ ಸರಿ. ಮುಂಬಯಿಯ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುವ ಫ್ಲಾಪಿ, ಮದರ್‌ಬೋರ್ಡಿನ ಮೇಲೆ ಉಬ್ಬಿ ಸೋರುವ ಕೆಪಾಸಿಟರ್ ನೋಡಿದವರಿಗೆ ಈ ವಾದದ ಆಯುಸ್ಸು ಗೊತ್ತು.

ಹೊಸದಾಗಿ ಬರೆಯುವವರದು ಬೇರೆ ನಿಲುವು. ಒಳ್ಳೆಯ ಕಲ್ಪನೆಗಳು ಕಂಪನಿಯ ದಿವಾಳಿಯೊಂದಿಗೆ ಸಾಯಬಾರದು ಎಂಬ ಅವರ ಮಾತಿಗೆ ತೂಕವಿದೆ. ಆದರೆ ಅವರು ಉಳಿಸುತ್ತಿರುವುದು ಒಂದು ವಿನ್ಯಾಸವನ್ನು, ನಿಮ್ಮ ಸಂಘದ ಕಡತವನ್ನಲ್ಲ. ಹೈಕುವನ್ನು ಮೆಚ್ಚಬೇಕು, ಬಿಡುವಿದ್ದರೆ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ನೋಡಬೇಕು. ಅದರ ಮೇಲೆ ವ್ಯಾಪಾರ ನಡೆಸಲು ಹೊರಡಬಾರದು.

ಭದ್ರತೆಯವರು ಎಲ್ಲವನ್ನೂ ಕಿತ್ತುಹಾಕಿ ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ. 2017ರ ಮೇ ತಿಂಗಳ ವನ್ನಾಕ್ರೈ ದಾಳಿಯಲ್ಲಿ, ಮೂರು ವರ್ಷದ ಹಿಂದೆಯೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತು ಪ್ಯಾಚ್ ಕೊಡಬೇಕಾಯಿತು. ಅದೇ ದೋಷವನ್ನು ಬಳಸಿಕೊಂಡ ಇನ್ನೊಂದು ಮಾಲ್‌ವೇರ್ ಮರುತಿಂಗಳೇ ಇಲ್ಲಿನ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲನ್ನು ನಿಲ್ಲಿಸಿತು. ಆದರೆ ಈ ಅಪಾಯವೆಲ್ಲ ಇರುವುದು ಜಾಲಕ್ಕೆ ಸೇರಿಸಿದ ಯಂತ್ರಕ್ಕೆ. ತಂತಿ ಕಿತ್ತು, ಎಮ್ಯುಲೇಟರಿನ ಗೋಡೆಯೊಳಗೆ ಕೂರಿಸಿದ ವಿಂಡೋಸ್ 98ಕ್ಕೆ ಹೊರಗಿನ ಲೋಕ ಕಾಣುವುದೇ ಇಲ್ಲ.

ಕಾನೂನಿನ ವಿಷಯ ಚಿಕ್ಕದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕಂಪನಿ ಮಾರುವುದನ್ನು ನಿಲ್ಲಿಸಿದ ಮಾತ್ರಕ್ಕೆ ವಿಂಡೋಸ್ 98 ಊರ ಕೆರೆಯಾಗುವುದಿಲ್ಲ. ಆದರೆ ನ್ಯಾಯವಾಗಿ ಕೊಂಡ ಪ್ರತಿಯ ಬ್ಯಾಕಪ್ ಮಾಡಿಕೊಳ್ಳಲು 52ನೇ ವಿಧಿ ಅವಕಾಶ ಕೊಡುತ್ತದೆ. ಹಳೆಯ ಸಿಡಿ, ಬಿಲ್ಲು ಇದ್ದರೆ ಎತ್ತಿಡುವುದು ಒಳ್ಳೆಯದು.

ಹಳೆಯ ವ್ಯವಸ್ಥೆಗಳಿಗೆ ಕನ್ನಡ ಬರುತ್ತಿತ್ತೇ?

ಇಂಗ್ಲಿಷಿನಲ್ಲಿ ಬರುವ ಪುನರ್ಜನ್ಮದ ಲೇಖನಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಆದರೆ ನಮಗೆ ಮುಖ್ಯ ಇದೇ. ನಾವು ಪ್ರೀತಿಸುವ ಹಳೆಯ ವ್ಯವಸ್ಥೆಗಳಾವುದಕ್ಕೂ ತಾವಾಗಿ ಕನ್ನಡ ಬರುತ್ತಿರಲಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಕನ್ನಡ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ಅದಕ್ಕೂ ಹಿಂದೆ ಬರೆದ ಕನ್ನಡವೆಲ್ಲ ಯಾರೋ ಮೇಲಿಂದ ಹೊಲಿದ ತೇಪೆ.

ಮೊದಲ ದೊಡ್ಡ ತೇಪೆ ಪುಣೆಯದು. ಕಾನ್ಪುರದ ಐಐಟಿಯಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನವನ್ನು, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಬೆಳೆಸಿತು. ಡಾಸ್ ಯಂತ್ರದೊಳಗೆ ಒಂದು ಜಿಸ್ಟ್ ಕಾರ್ಡ್ ಕೂರಿಸಿದರೆ ಪರದೆಯ ಮೇಲೆ ಭಾರತೀಯ ಲಿಪಿ ಮೂಡುತ್ತಿತ್ತು. ಅದು ಬಳಸಿದ್ದು ಇಸ್ಕಿ ಸಂಕೇತ. 1991ರಲ್ಲಿ ಅದು ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಎಲ್ಲ ಲಿಪಿಯ ‘ಕ’ಗೂ ಅದರಲ್ಲಿ ಒಂದೇ ಸಂಖ್ಯೆ, ಒತ್ತಕ್ಷರ ಕಟ್ಟುವುದು ತೋರಿಸುವಾಗಿನ ಕೆಲಸ. ಯೂನಿಕೋಡಿನ ಭಾರತೀಯ ಲಿಪಿಗಳ ಕ್ರಮವೂ ಇಸ್ಕಿಯ ಅಚ್ಚಿನಲ್ಲೇ ಬಂದದ್ದು.

ಆಮೇಲೆ ಬಂತು ಡಿಟಿಪಿ ಯುಗ: ಪುಣೆಯ ಶ್ರೀಲಿಪಿ, 1998ರ ಬರಹ, ಬಳಿಕ ನುಡಿ. ಒಂದು ಕಾಲಕ್ಕೆ ಮುಂಬಯಿಯ ಟಾಟಾ ಪ್ರೆಸ್‌ನಲ್ಲಿದ್ದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ನುಡಿಗೆ ಆಧಾರ. ಈ ಕಾಲದ ಫಾಂಟುಗಳು ಅಕ್ಷರವನ್ನು ಉಳಿಸಲಿಲ್ಲ, ಅಕ್ಷರದ ಚೂರುಗಳನ್ನು ಉಳಿಸಿದವು. ತಲೆಕಟ್ಟು ಒಂದು ಚೂರು, ಕೊಂಬು ಇನ್ನೊಂದು, ಒತ್ತು ಮತ್ತೊಂದು. ಯಾವ ಚೂರು ರೋಮನ್ ಕೋಷ್ಟಕದ ಯಾವ ಮನೆಯಲ್ಲಿ ಎಂಬುದು ಫಾಂಟ್ ಮಾಡಿದವರ ಮರ್ಜಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ‘ಕನ್ನಡ’ ಇರಬೇಕಾದಲ್ಲಿ ಟೋಪಿ, ಬಾಲ ಹಚ್ಚಿಕೊಂಡ ರೋಮನ್ ಅಕ್ಷರಗಳ ಸಂತೆ.

ಇದರಿಂದ ಒಂದು ವಿಚಿತ್ರ ಫಲಿತಾಂಶ ಬರುತ್ತದೆ. 1992ರ ಜಿಸ್ಟ್ ಕಡತವನ್ನು ಉಳಿಸುವುದು ಸುಲಭ, 2000ದ ಡಿಟಿಪಿ ಕಡತವನ್ನು ಉಳಿಸುವುದು ಕಷ್ಟ. ಇಸ್ಕಿ ಬರಹಕ್ಕೆ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಅಗತ್ಯವೇ ಇಲ್ಲ. ಕಡತ ನಕಲು ಮಾಡಿ ಸಂಕೇತ ಬದಲಿಸಿದರೆ ಬಹುಮಟ್ಟಿಗೆ ಕೆಲಸವಾಯಿತು. ಡಿಟಿಪಿಯದು ಹಾಗಲ್ಲ. ಅದು ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ಸಾಫ್ಟ್‌ವೇರಿನೊಳಗೆ ಸಿಕ್ಕಿಕೊಂಡಿದೆ. ಪೇಜ್‌ಮೇಕರಿನ ಕೊನೆಯ 7.0 ಆವೃತ್ತಿ ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಆ ಕಡತಗಳನ್ನು ತೆರೆಯುತ್ತಿದ್ದುದು ಸಿಎಸ್6ರವರೆಗೆ ಮಾತ್ರ. ಹಾಗಾಗಿ ವಿಂಡೋಸ್ 98 ಅಥವಾ ಎಕ್ಸ್‌ಪಿಯನ್ನು ಮತ್ತೆ ಎಬ್ಬಿಸಲೇಬೇಕಾದ ಸಂದರ್ಭ ಯಾವುದಾದರೂ ಇದ್ದರೆ ಅದು ಇದು. ಪುಟ ತೆರೆಯಬೇಕು, ಬರಹವನ್ನು ಹೊರತೆಗೆಯಬೇಕು, ಫಾಂಟಿಗೆ ತಕ್ಕ ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು, ಆಮೇಲೆ ಮನುಷ್ಯರು ಕೂತು ‘ಸ್ತ್ರೀ’, ‘ಅರ್ಘ್ಯ’, ‘ರಾಷ್ಟ್ರ’ಗಳನ್ನು ತಿದ್ದಬೇಕು.

ಮುಂದೆ ಏನಾಗಬಹುದು?

ದಿನನಿತ್ಯದ ಕೆಲಸಕ್ಕೆ ಹಳೆಯ ವ್ಯವಸ್ಥೆ ಮರಳುವುದಿಲ್ಲ. ಹೊಟೇಲಿನ ಬಿಲ್ಲಿಂಗ್ ಮಟ್ಟಿಗೆ ಆ ತೀರ್ಮಾನ 2017ರ ಜುಲೈ 1ರಂದೇ ಆಗಿಹೋಯಿತು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಬೇರೆ ಬೇರೆ ತೋರಿಸಬೇಕಾದ ಬಿಲ್ಲನ್ನು 1995ರ ಪ್ರೋಗ್ರಾಮು ಹಾಕಲಾರದು, ಅದನ್ನು ಬರೆದವರು ಈಗ ಎಲ್ಲಿದ್ದಾರೋ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರ ಇಡಬೇಕಾದದ್ದು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು. ತೊಂಬತ್ತರ ದಶಕದ ಲೆಕ್ಕ ಈಗ ಉಳಿದರೆ ಇತಿಹಾಸವಾಗಿ ಉಳಿಯಬೇಕು.

ಚಿಪ್‌ಗಳ ಕಡೆಯಿಂದ ಸ್ವಲ್ಪ ಉಸಿರು ಸಿಕ್ಕಿದೆ. ಹಳೆಯ 16 ಬಿಟ್ ಗುಣವನ್ನೇ ಕಿತ್ತುಹಾಕುವ ಎಕ್ಸ್86ಎಸ್ ಎಂಬ ಯೋಜನೆಯನ್ನು ಇಂಟೆಲ್ 2023ರಲ್ಲಿ ಮುಂದಿಟ್ಟು, 2024ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಆದರೆ ಬಯೋಸ್ ಹೋದ ಮೇಲೆ ಚಿಪ್ ಒಳಗೆ ಏನು ಉಳಿದರೂ ಅದನ್ನು ನೇರವಾಗಿ ಮುಟ್ಟುವ ದಾರಿ ಕಿರಿದಾಗುತ್ತಲೇ ಇದೆ. ‘ಹಳೆಯ ಪೆಟ್ಟಿಗೆಗೆ ಲಿನಕ್ಸ್ ಹಾಕಿದರಾಯಿತು’ ಎಂಬ ಸಲಹೆಯೂ ಮೊದಲಿನಷ್ಟು ಸಲೀಸಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ರೂಪದಲ್ಲಿ 32 ಬಿಟ್ ಪಿಸಿಗೆ ಹಾಕುವ ಆವೃತ್ತಿ ಇಲ್ಲ. ಉಳಿಯುವುದು ಎಮ್ಯುಲೇಶನ್, ಅದೂ ಕಡತಗಳನ್ನು ಹೊರತೆಗೆಯುವಷ್ಟು ಕಾಲಕ್ಕೆ.

ಈ ಲೆಕ್ಕದಲ್ಲಿ ಕೆಲಸದ ಸರದಿ ಮುಖ್ಯ. ಹಳೆಯ ಯಂತ್ರ ಇನ್ನೂ ಏಳುವ ಸ್ಥಿತಿಯಲ್ಲಿರುವಾಗಲೇ ಅದರ ಹಾರ್ಡ್‌ಡಿಸ್ಕ್ ಬಿಚ್ಚಿ, ಐಡಿಇ ಎಂಬ ಅದರ ಹಳೆಯ ಜೋಡಣೆಯಿಂದ ಯುಎಸ್‌ಬಿಗೆ ಕೊಂಡಿ ಹಾಕಿ, ಇಡೀ ಡಿಸ್ಕಿನ ಇಮೇಜ್, ಅಂದರೆ ಯಥಾಪ್ರತಿ, ತೆಗೆಯಬೇಕು. ಬಿಡಿ ಕಡತಗಳ ನಕಲು ಸಾಲದು, ಏಕೆಂದರೆ ಫಾಂಟುಗಳು ಎಲ್ಲೋ ವಿಂಡೋಸ್ ಫೋಲ್ಡರಿನಲ್ಲಿರುತ್ತವೆ. ಆ ಇಮೇಜ್ ಎಮ್ಯುಲೇಟರಿನೊಳಗೆ ಎದ್ದ ಮೇಲೂ ಸಾಫ್ಟ್‌ವೇರ್ ತೆರೆಯದಿರಬಹುದು. ಆ ಕಾಲದ ಕೆಲವು ದುಬಾರಿ ಪ್ಯಾಕೇಜುಗಳಿಗೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಬೇಕಿತ್ತು, ಎಮ್ಯುಲೇಟರಿಗೆ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಅಂಥಲ್ಲಿ ಹಳೆಯ ಯಂತ್ರದ ಮೇಲೆಯೇ ಪುಟಗಳನ್ನು ತೆರೆದು ಬರಹ ಹೊರತೆಗೆಯುವುದಲ್ಲದೆ ಬೇರೆ ದಾರಿಯಿಲ್ಲ. ಆದ್ದರಿಂದ ಪೆಟ್ಟಿಗೆಯ ಹಿಂಬದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡೊಂದು ಸಿಕ್ಕಿಕೊಂಡಿದ್ದರೆ, ಕೊನೆಯ ಪುಟ ಯೂನಿಕೋಡಿಗೆ ಬರುವವರೆಗೆ ಅದನ್ನು ಭಂಗಾರಿನವನ (ಗುಜರಿಯವನ) ಕೈಗೆ ಕೊಡುವಂತಿಲ್ಲ.